ಕಲ್ಲಿನ ನಾಮಫಲಕದಲ್ಲಿ ಕನ್ನಡ ಅಕ್ಷರ: ಯಾವ ಕಲ್ಲು, ಯಾವ ಉಪಕರಣ?

ಮನೆಯ ಗೇಟಿನ ಪಕ್ಕಕ್ಕೋ ತೋಟದ ದಾರಿ ತಿರುಗುವಲ್ಲಿಗೋ ಒಂದು ಕಲ್ಲಿನ ನಾಮಫಲಕವನ್ನು ತಾವೇ ಕೆತ್ತಿ ನಿಲ್ಲಿಸಬೇಕೆಂದು ಹೊರಡುವವರಿಗೆ ಮೊದಲು ಎದುರಾಗುವುದು ಉಪಕರಣದ ಪ್ರಶ್ನೆ. ಉಳಿ ಸುತ್ತಿಗೆ ಸಾಕೇ, ಮನೆಯಲ್ಲಿರುವ ಆ್ಯಂಗಲ್ ಗ್ರೈಂಡರಿನಿಂದಲೇ ಆಗುತ್ತದೆಯೇ, ವಜ್ರದ ಬಿಟ್ ಹಾಕುವ ರೋಟರಿ ಉಪಕರಣವನ್ನು ಕೊಳ್ಳಬೇಕೇ, ಗಾಳಿಯ ಒತ್ತಡದಲ್ಲಿ ಪುಡಿ ಊದಿ ಕೊರೆಯುವ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಬೇಕೇ, ಅಥವಾ ಲೇಸರ್ ಯಂತ್ರವಿರುವ ಅಂಗಡಿಗೆ ಕೊಟ್ಟುಬಿಡಬೇಕೇ? ಈ ಪ್ರಶ್ನೆಗಳಿಗೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟವು. 'ವಿಲ್ಲಾ' ಎಂಬ ಪದವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರೆ ಅದರ ಐದು ಅಕ್ಷರಗಳಲ್ಲಿ ಒಂದೂ ಬಾಗು ಇರುವುದಿಲ್ಲ, ಎಲ್ಲವೂ ನೇರ ಗೆರೆಗಳೇ. ಅದೇ ಪದವನ್ನು ಕನ್ನಡದಲ್ಲಿ ಬರೆದಾಗ ನೇರ ಗೆರೆ ಎನ್ನುವುದು ಹೆಚ್ಚುಕಡಿಮೆ ಸಿಗುವುದೇ ಇಲ್ಲ. ನೇರ ಗೆರೆಗೆ ಒದಗುವ ಉಪಕರಣ ಬೇರೆ, ಬಾಗಿಗೆ ಒದಗುವ ಉಪಕರಣ ಬೇರೆ. ಆದ್ದರಿಂದ ಕನ್ನಡದ ಫಲಕಕ್ಕೆ ಲಿಪಿಯೇ ಮೊದಲ ಅಳತೆಗೋಲಾಗಬೇಕು, ಕಲ್ಲು ಎರಡನೆಯದು, ಯಂತ್ರದ ಬೆಲೆ ಮತ್ತು ವೇಗ ಅದರ ನಂತರದ್ದು ಎಂಬುದು ನಾಲ್ಕು ಫಲಕಗಳನ್ನು ಕೆತ್ತಿ, ಅವುಗಳಲ್ಲಿ ಮೊದಲನೆಯದನ್ನು ಕೆಡಿಸಿಕೊಂಡ ಮೇಲೆ ನನಗೆ ಖಚಿತವಾದ ಸಂಗತಿ.

ಲಿಪಿ ಕೇಳುವುದೇನು

'ಶ್ರೀನಿಲಯ' ಎಂಬ ಸಾಮಾನ್ಯವಾದ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲ ಅಕ್ಷರದ ಕೆಳಗೆ ರಕಾರದ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ, ಪಕ್ಕದಲ್ಲಿ ದೀರ್ಘ ಬರುತ್ತದೆ. ಅಕ್ಷರದ ಒಡಲು 75 ಮಿ.ಮೀ. ಎತ್ತರವಿದ್ದರೆ ಒತ್ತು ಮತ್ತು ಗುಡಿಸುಗಳನ್ನು ಸೇರಿಸಿ ಸಾಲಿಗೆ 130 ಮಿ.ಮೀ.ವರೆಗೆ ಜಾಗ ಬಿಡಬೇಕಾಗುತ್ತದೆ. ಒತ್ತಿನ ಗೆರೆಯನ್ನು ಮುಖ್ಯ ಅಕ್ಷರದ ಗೆರೆಗಿಂತ ತೀರ ತೆಳುವಾಗಿಸಿದರೆ ದೂರದಿಂದ ಅದು ಮಾಯವಾಗುತ್ತದೆ, ತೀರ ದಪ್ಪವಾಗಿಸಿದರೆ ಮೇಲಿನ ಅಕ್ಷರಕ್ಕೆ ತಾಗಿ ನಡುವಿನ ಕಲ್ಲಿನ ಎಳೆ ಒಡೆದುಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಒಳಗಿನ ಗುರುತುಗಳದ್ದು. ರ ಮತ್ತು ಠ ಅಕ್ಷರಗಳನ್ನು ಬೇರೆ ಮಾಡುವುದು ಒಂದು ಚುಕ್ಕಿ. ದ, ಧ, ಥಗಳನ್ನು ಬೇರೆ ಮಾಡುವುದು ಕೆಳಗಿನ ಸೀಳು ಮತ್ತು ಹೊಟ್ಟೆಯ ಚುಕ್ಕಿ. ಡ ಮತ್ತು ಢ ನಡುವಿನ ಅಂತರವೂ ಒಂದು ಸೀಳಿನಷ್ಟೇ. ಕೆತ್ತನೆಯಲ್ಲಿ ಎರಡು ಮಿ.ಮೀ. ಕಲ್ಲು ಚಕ್ಕೆಯಾಗಿ ಹಾರಿದರೆ ಅಕ್ಷರವೇ ಬದಲಾಗುವ ಲಿಪಿ ನಮ್ಮದು. ತಲೆಕಟ್ಟಿಗೂ ಒಡಲಿಗೂ ನಡುವೆ ಉಳಿಯುವ ಕಿರಿದಾದ ಕಲ್ಲಿನ ತುಂಡೂ ಹೀಗೆಯೇ ಅಪಾಯದಲ್ಲಿರುತ್ತದೆ. ಹಾಗಾಗಿ ಉಪಕರಣ ಯಾವುದೇ ಆಗಲಿ, ಗೆರೆಯ ದಪ್ಪವೆಲ್ಲ ಒಂದೇ ಸಮನಾಗಿರುವ, ಹೊಟ್ಟೆ ಅಗಲವಾಗಿರುವ ಅಕ್ಷರ ವಿನ್ಯಾಸವನ್ನು ಆರಿಸಿಕೊಳ್ಳುವುದು ಕ್ಷೇಮ. ಮದುವೆಯ ಆಮಂತ್ರಣ ಪತ್ರಿಕೆಗೆ ಒಪ್ಪುವ, ದಪ್ಪ ಮತ್ತು ಸಣ್ಣ ಗೆರೆಗಳು ಬೆರೆತ ಅಕ್ಷರಗಳು ಕಲ್ಲಿಗೆ ಒಗ್ಗುವುದಿಲ್ಲ.

ಕಲ್ಲಿನ ಆಯ್ಕೆ

ಕಲ್ಲಿನ ಮೇಲೆ ಕನ್ನಡ ಬರೆದವರು ಯಾವ ಕಲ್ಲನ್ನೂ ಬಿಟ್ಟಿಲ್ಲ. ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿ ಶಾಸನ ಮರಳುಗಲ್ಲಿನದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದ್ದು ಬಳಪದ ಕಲ್ಲು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ 'ಶ್ರೀ ಚಾಮುಂಡರಾಜಂ ಮಾಡಿಸಿದಂ' ಎಂಬ ಸಾಲು ಇರುವುದು ಗ್ರಾನೈಟಿನ ಮೇಲೆ. ಮೂರೂ ಕಾಲವನ್ನು ತಾಳಿಕೊಂಡಿವೆ. ಆದರೆ ಮೂರರಲ್ಲಿ ಕೆಲಸ ಮಾಡುವ ಬಗೆ ಒಂದೇ ಅಲ್ಲ.

ಬೆಂಗಳೂರಿನ ಸುತ್ತಮುತ್ತ ಸುಲಭವಾಗಿ ಸಿಗುವ ಬೂದು ಬಣ್ಣದ ಕಲ್ಲು, ಸಾದರಹಳ್ಳಿ ಕಲ್ಲು ಎಂದು ಮನೆ ಕಟ್ಟುವವರು ಕರೆಯುವಂಥದ್ದು, ಹೆಚ್ಚಾಗಿ ನೈಸ್ (gneiss) ಎಂಬ ಶಿಲೆ; ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು. ಇದರಲ್ಲಿ ಬೆಣಚು (ಕ್ವಾರ್ಟ್ಜ್) ಹೇರಳವಾಗಿದೆ. ಬೆಣಚಿನ ಗಡಸುತನ, ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಅಳತೆಯಲ್ಲಿ, 7, ಉಕ್ಕಿನ ಉಳಿಯದ್ದು ಅದಕ್ಕಿಂತ ಕಡಿಮೆ. ಇದರ ಹರಳುಗಳು ಕೆಲವು ಮಿ.ಮೀ. ಗಾತ್ರದವಾಗಿರುವುದರಿಂದ ಹರಳಿಗಿಂತ ಸಣ್ಣ ವಿವರವನ್ನು ಈ ಕಲ್ಲು ಹಿಡಿದಿಡುವುದಿಲ್ಲ. ಠಕಾರದ ಚುಕ್ಕಿಯ ಅಂಚು ಹರಳಿನ ಜೊತೆಗೇ ಕಿತ್ತುಬರುತ್ತದೆ. ಇಷ್ಟಾಗಿಯೂ ಬಿಸಿಲು ಮಳೆಗೆ ಜಗ್ಗದಿರುವುದು ಈ ಕಲ್ಲಿನ ಗುಣ. ಅಕ್ಷರದ ಒಡಲು 100 ಮಿ.ಮೀ.ಗೆ ಮೇಲಿದ್ದರೆ ಇದನ್ನು ನಿಶ್ಚಿಂತೆಯಿಂದ ಆರಿಸಬಹುದು.

ಚಾಮರಾಜನಗರ ಮತ್ತು ಕನಕಪುರದ ಕಡೆಯಿಂದ ಬರುವ ಕಪ್ಪು ಕಲ್ಲನ್ನು ವ್ಯಾಪಾರದಲ್ಲಿ ಕಪ್ಪು ಗ್ರಾನೈಟ್ ಎನ್ನುತ್ತಾರಾದರೂ ಭೂವಿಜ್ಞಾನದ ದೃಷ್ಟಿಯಲ್ಲಿ ಅದು ಡೋಲರೈಟ್ ಎಂಬ ಬೇರೆಯೇ ಶಿಲೆ. ಅದರಲ್ಲಿ ಬೆಣಚು ಬಹಳ ಕಡಿಮೆ, ಕಣ ನಯವಾದದ್ದು. ಅಂಚು ಚೊಕ್ಕವಾಗಿ ನಿಲ್ಲುತ್ತದೆ, ವಜ್ರದ ಬಿಟ್ ಬೂದುಗಲ್ಲಿನಲ್ಲಿ ಸವೆಯುವಷ್ಟು ಬೇಗ ಇಲ್ಲಿ ಸವೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಾಲಿಶ್ ಮಾಡಿದ ಕಪ್ಪು ಮೈಯಲ್ಲಿ ಕೆತ್ತಿದ ಜಾಗ ತಾನಾಗಿಯೇ ಬೂದಿ ಬಣ್ಣಕ್ಕೆ ತಿರುಗುವುದರಿಂದ ಬಣ್ಣ ಹಚ್ಚದೆಯೇ ಅಕ್ಷರ ಎದ್ದು ಕಾಣುತ್ತದೆ. ಕನ್ನಡದ ಚಿಕ್ಕ ಫಲಕಕ್ಕೆ ನನ್ನ ಮೊದಲ ಆಯ್ಕೆ ಇದೇ.

ಬಳಪದ ಕಲ್ಲು ಕೆತ್ತುವವರಿಗೆ ಅತ್ಯಂತ ಸುಖ ಕೊಡುವ ಕಲ್ಲು. ಸಾಧಾರಣ ಉಳಿಗೂ ಒಗ್ಗುತ್ತದೆ, ಎಂಥ ಒತ್ತಕ್ಷರವನ್ನಾದರೂ ಹೊತ್ತು ನಿಲ್ಲುತ್ತದೆ. ಅದರ ಕೊರತೆ ಮಳೆಯಲ್ಲಿಲ್ಲ, ತಾಗುವಿಕೆಯಲ್ಲಿದೆ. ಸೈಕಲ್ಲಿನ ಹ್ಯಾಂಡಲ್ ಉಜ್ಜಿದರೂ ಗೀರು ಬೀಳುತ್ತದೆ. ಕೈಗೆ ಸಿಗದ ಎತ್ತರದಲ್ಲಿ, ಗೋಡೆಯೊಳಗೆ ಕೂರಿಸುವುದಾದರೆ ಇದನ್ನು ಬಿಟ್ಟರಿಲ್ಲ. ರಸ್ತೆಯ ಅಂಚಿನಲ್ಲಿ ನಿಲ್ಲಿಸುವುದಾದರೆ ಬೇಡ.

ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು, ಅಗ್ಗ, ಕೆತ್ತಲು ಮೆದು. ಆದರೆ ಪದರ ಪದರವಾಗಿರುವುದರಿಂದ ಅಕ್ಷರದ ಹೊಟ್ಟೆಯೊಳಗೆ ಉಳಿಯುವ ತುಂಡುಗಳು ಬಿಲ್ಲೆಯಂತೆ ಎದ್ದುಬರುತ್ತವೆ. ಅಮೃತಶಿಲೆಯೂ ಸುಣ್ಣದ ಅಂಶದ್ದೇ ಆದ್ದರಿಂದ ತೆರೆದ ಜಾಗದಲ್ಲಿ ಅಂಚು ಕ್ರಮೇಣ ಕರಗಿ ಮೊಂಡಾಗುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ ರಂಧ್ರಗಳೇ ಹೆಚ್ಚು, ಅಕ್ಷರಕ್ಕೆ ಅದು ಆಗದು. ಮುರಕಲ್ಲಿನ ಗೋಡೆಯಿದ್ದರೆ ಅದರಲ್ಲಿ ಕಪ್ಪು ಕಲ್ಲಿನ ಹಲಗೆಯೊಂದನ್ನು ಕೂರಿಸುವುದು ಸರಿಯಾದ ದಾರಿ.

ಉಪಕರಣಗಳ ಹೋಲಿಕೆ

ಆ್ಯಂಗಲ್ ಗ್ರೈಂಡರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅನೇಕರ ಮನೆಯಲ್ಲಿ ಈಗಾಗಲೇ ಇರುವುದು ಅದು, ನನ್ನ ಮೊದಲ ಫಲಕ ಕೆಟ್ಟದ್ದೂ ಅದರಿಂದಲೇ. ನಾಲ್ಕು ಇಂಚಿನ ವಜ್ರದ ಬ್ಲೇಡ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗಿ ಎಂಥ ಗ್ರಾನೈಟನ್ನೂ ಸೀಳುತ್ತದೆ. ಶಕ್ತಿಯ ಕೊರತೆ ಅದಕ್ಕಿಲ್ಲ. ತೊಡಕಿರುವುದು ರೇಖಾಗಣಿತದಲ್ಲಿ. 100 ಮಿ.ಮೀ. ವ್ಯಾಸದ ಚಕ್ರವೊಂದು ಕಲ್ಲಿನೊಳಗೆ 5 ಮಿ.ಮೀ. ಇಳಿಯಬೇಕಾದರೆ ಮೇಲ್ಮೈಯಲ್ಲಿ ಅದು ಸುಮಾರು 44 ಮಿ.ಮೀ. ಉದ್ದದ ಗೀರನ್ನು ಮಾಡಿಯೇ ತೀರುತ್ತದೆ. 3 ಮಿ.ಮೀ. ಆಳಕ್ಕೆ ತೃಪ್ತಿಪಟ್ಟರೂ ಗೀರು 34 ಮಿ.ಮೀ. ಆಗುತ್ತದೆ. 75 ಮಿ.ಮೀ. ಎತ್ತರದ ಲಕಾರದಲ್ಲಿ ಅಷ್ಟು ಉದ್ದದ ನೇರ ಗೆರೆ ಎಲ್ಲಿಯೂ ಇಲ್ಲ. ನಾನು ಬಾಗಿನ ಉದ್ದಕ್ಕೂ ಚಿಕ್ಕ ಚಿಕ್ಕ ಸ್ಪರ್ಶರೇಖೆಗಳಾಗಿ ಸೀಳಿ, ನಡುವಿನ ಕಲ್ಲನ್ನು ಉಳಿಯಿಂದ ತೆಗೆಯಬಹುದೆಂದುಕೊಂಡೆ. ಪ್ರತಿಯೊಂದು ಸೀಳಿನ ತುದಿಯೂ ಅಕ್ಷರದ ಹೊರಗೆ ಚಾಚಿ, ಬೂದುಗಲ್ಲಿನ ಮೇಲೆ ಅಳಿಸಲಾಗದ ಗೀರುಗಳು ಉಳಿದವು. ಕೊನೆಗೆ ಆ ಕಲ್ಲನ್ನು ತಿರುಗಿಸಿ ಹಿಂಬದಿಯಲ್ಲಿ ಹೊಸದಾಗಿ ಕೆತ್ತಬೇಕಾಯಿತು. ಹಲಗೆಯನ್ನು ಅಳತೆಗೆ ಕತ್ತರಿಸಲು, ಅಂಚಿನ ಚೌಕಟ್ಟು ಗೆರೆ ಹಾಕಲು, ಹಿಂಬದಿಯಲ್ಲಿ ಹಿಡಿಕೆಗೆ ತೋಡು ಕೊರೆಯಲು ಗ್ರೈಂಡರ್ ಬೇಕೇ ಬೇಕು. ಕನ್ನಡ ಅಕ್ಷರಕ್ಕೆ ಮಾತ್ರ ಅದು ಬೇಡ.

ಉಳಿ ಸುತ್ತಿಗೆಯ ಯೋಗ್ಯತೆ ಕಲ್ಲಿನ ಮೇಲೆ ನಿಂತಿದೆ. ಬಳಪದ ಕಲ್ಲಿನಲ್ಲಿ ಮರದ ಕೊಡತಿ ಮತ್ತು ಹರಿತವಾದ ಚಾಣ ಇದ್ದರೆ ಯಾವ ಯಂತ್ರವೂ ಕೊಡಲಾರದಷ್ಟು ಚೆಂದದ ಬಾಗು ಬರುತ್ತದೆ, ಏಕೆಂದರೆ ಕೈ ಪ್ರತಿ ಏಟಿಗೂ ದಿಕ್ಕನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಗ್ರಾನೈಟ್, ಬೂದುಗಲ್ಲುಗಳಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಉಳಿ ಬೇಕು. ಅದಿದ್ದರೂ ಚೂಪು ತಳದ ಕಾಲುವೆಯಂತೆ ಕೊರೆಯಲು ಹೋಗಬಾರದು. ಮೊನೆಯುಳಿಯನ್ನು ಹೆಚ್ಚುಕಡಿಮೆ ನೆಟ್ಟಗೆ ಹಿಡಿದು, ಗೆರೆಯ ಅಗಲದುದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ಕುಟ್ಟಿ, ಅಗಲವಾದ ಆಳವಿಲ್ಲದ ತೋಡು ಮಾಡುವುದು ಈ ಕಲ್ಲಿನ ಸ್ವಭಾವಕ್ಕೆ ಹೊಂದುವ ಕ್ರಮ. ನಯಮಾಡಿದ ಮೈಯಲ್ಲಿ ಕುಟ್ಟಿದ ಜಾಗ ಬಿಳಿಚಿ ಕಾಣುವುದರಿಂದ 15 ಮಿ.ಮೀ. ಅಗಲದ ಗೆರೆಗೆ 3 ಮಿ.ಮೀ. ಆಳವೂ ಸಾಕಾಗುತ್ತದೆ. ದೊಡ್ಡ ಅಕ್ಷರ, ಬೂದುಗಲ್ಲು, ಬೇಕಾದಷ್ಟು ಸಮಯ, ಈ ಮೂರೂ ಇರುವವರಿಗೆ ಇದಕ್ಕಿಂತ ಅಗ್ಗವೂ ಗಟ್ಟಿಯೂ ಆದ ಬೇರೆ ವಿಧಾನವಿಲ್ಲ.

ಮನೆಯ ಕಾರ್ಯಾಗಾರದಲ್ಲಿ ಕಪ್ಪು ಕಲ್ಲಿಗೆ ನಾನು ಒಪ್ಪುವುದು ವಜ್ರದ ಬಿಟ್ ಹಾಕುವ ರೋಟರಿ ಉಪಕರಣವನ್ನು, ಅಥವಾ ಸ್ವಲ್ಪ ದೊಡ್ಡದಾದ ಡೈ ಗ್ರೈಂಡರನ್ನು. ಬಿಟ್ಟಿನ ತುದಿ ಕೆಲವೇ ಮಿ.ಮೀ. ಇರುವುದರಿಂದ ಅದು ಯಾವ ದಿಕ್ಕಿಗೂ ಒಂದೇ ಸಮನೆ ತಿರುಗುತ್ತದೆ. ಬಾಗು ಅದಕ್ಕೆ ಕಷ್ಟವಲ್ಲ, ಒತ್ತಕ್ಷರದ ಕಿರುಗೆರೆಯೂ ಕಷ್ಟವಲ್ಲ. ಇಲ್ಲಿ ತಿಳಿದಿರಬೇಕಾದದ್ದು ಬಿಟ್ಟಿನ ಬಗೆ. ಅಗ್ಗದ ಬಿಟ್ಟುಗಳಲ್ಲಿ ವಜ್ರದ ಹರಳು ಒಂದೇ ಪದರವಾಗಿ ನಿಕಲ್ ಲೇಪದಲ್ಲಿ ಅಂಟಿಕೊಂಡಿರುತ್ತದೆ. ಆ ಪದರ ಹೋದರೆ ಬಿಟ್ ಮುಗಿದಂತೆ, ಒಂದು ಫಲಕಕ್ಕೆ ಇಂಥವು ಹಲವು ಬೇಕಾಗುತ್ತವೆ. ಲೋಹದ ಪುಡಿಯೊಡನೆ ವಜ್ರದ ಪುಡಿಯನ್ನು ಬೆರೆಸಿ ಕಾಯಿಸಿ ಗಟ್ಟಿಮಾಡಿದ ಬಿಟ್ಟಿನ ಬೆಲೆ ಹೆಚ್ಚು, ಆದರೆ ಸವೆದಂತೆ ಒಳಗಿನ ವಜ್ರ ಹೊರಬರುತ್ತಲೇ ಇರುತ್ತದೆ. ಲೋಹಕ್ಕೆಂದು ಮಾಡಿದ ಕಾರ್ಬೈಡ್ ಬಿಟ್ಟುಗಳು ಈ ಕೆಲಸಕ್ಕೆ ಬಾರವು. ಬಿಸಿಯಾದರೆ ವಜ್ರದ ಹಿಡಿತ ಸಡಿಲವಾಗುವುದರಿಂದ ನೀರು ಹನಿಯುತ್ತಲೇ ಇರಬೇಕು. ನೀರಿನ ಹತ್ತಿರ ವಿದ್ಯುತ್ ಮೋಟಾರು ಇರುವುದು ಸರಿಯಲ್ಲವಾದ್ದರಿಂದ ಮೋಟಾರನ್ನು ಮೇಲೆ ತೂಗುಹಾಕಿ, ಬಳುಕುವ ಶಾಫ್ಟಿನ ಮೂಲಕ ಬಿಟ್ಟನ್ನು ತಿರುಗಿಸುವ ಏರ್ಪಾಡನ್ನೇ ಕೊಳ್ಳಬೇಕು, ಸರ್ಕಿಟಿಗೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಹಾಕಿಸಿಕೊಳ್ಳಬೇಕು.

ಕ್ರಮವೂ ಮುಖ್ಯ. ಗೆರೆಯ ನಡುವೆ ಮೊದಲು ಅರ್ಧ ಮಿ.ಮೀ. ಆಳದ ದಾರಿ ಮಾಡಿಕೊಂಡು, ಅದನ್ನು ಆಳಗೊಳಿಸಿ, ಬಳಿಕ ಎರಡೂ ಕಡೆಯ ಅಂಚಿಗೆ ಬರಬೇಕು. ಅಂಚಿನಿಂದ ಆರಂಭಿಸಿದರೆ ತಿರುಗುವ ಬಿಟ್ ಕೈಯನ್ನು ಎಳೆದುಕೊಂಡು ಗೆರೆಯಿಂದ ಹೊರಗೆ ಓಡುತ್ತದೆ. ಅಕ್ಷರದ ಹೊಟ್ಟೆಯೊಳಗಿನ ಅಂಚನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. 10 ಮಿ.ಮೀ. ಅಗಲ, 5 ಮಿ.ಮೀ. ಆಳದ ಗೆರೆಯಿರುವ 75 ಮಿ.ಮೀ. ಅಕ್ಷರವೊಂದಕ್ಕೆ ಕಪ್ಪು ಕಲ್ಲಿನಲ್ಲಿ ನನಗೆ ಎರಡೂವರೆ ಗಂಟೆ ಹಿಡಿಯುತ್ತದೆ. ಐದಾರು ಅಕ್ಷರದ ಹೆಸರಿಗೆ ಇದು ಹೊರೆಯಲ್ಲ.

ಹೆಸರಿನ ಜೊತೆಗೆ ವಿಳಾಸ, ಇಸವಿ, ಒಂದು ವಚನದ ಸಾಲು ಎಂದು ಅಕ್ಷರಗಳ ಸಂಖ್ಯೆ ಮೂವತ್ತನ್ನು ದಾಟಿದರೆ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸುವುದೇ ವಿವೇಕ. ಕಲ್ಲಿನ ಮೇಲೆ ದಪ್ಪ ರಬ್ಬರ್ ಹಾಳೆಯನ್ನು ಅಂಟಿಸಿ, ಅಕ್ಷರದ ಆಕಾರವನ್ನು ಕತ್ತರಿಸಿ ತೆಗೆದು, ಗಾಳಿಯ ಒತ್ತಡದಲ್ಲಿ ಅಪಘರ್ಷಕ ಪುಡಿಯನ್ನು ಊದಿದಾಗ ತೆರೆದ ಜಾಗವಷ್ಟೇ ಕೊರೆದುಹೋಗುತ್ತದೆ. ಬಾಗಾಗಲಿ ನೇರವಾಗಲಿ ಇದಕ್ಕೆ ಭೇದವಿಲ್ಲ, ಆ ಮಟ್ಟಿಗೆ ಕನ್ನಡಕ್ಕೆ ಹೇಳಿಮಾಡಿಸಿದ ವಿಧಾನ. ಆದರೆ ರಕಾರದ ಹೊಟ್ಟೆಯಲ್ಲಿ ಉಳಿಯುವ ರಬ್ಬರಿನ ಬಿಲ್ಲೆ ಚಿಕ್ಕದಾದಷ್ಟೂ ಗಾಳಿಗೆ ಎದ್ದುಹೋಗುವ ಸಂಭವ ಹೆಚ್ಚುತ್ತದೆ, ಹತ್ತು ಮಿ.ಮೀ.ಗಿಂತ ಕಿರಿದಾದ ಬಿಲ್ಲೆಗಳು ಬಾರದಂತೆ ಅಕ್ಷರದ ಗಾತ್ರವನ್ನು ನಿರ್ಧರಿಸಬೇಕು. ಮನೆಯಲ್ಲಿಯೇ ಇದನ್ನು ಮಾಡಲು ಹೊರಡುವವರು ಕಂಪ್ರೆಸರಿನ ಲೆಕ್ಕವನ್ನು ಮೊದಲು ನೋಡಲಿ: 3 ಮಿ.ಮೀ. ನಳಿಗೆ 100 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 20 ಘನ ಅಡಿಯ ಆಸುಪಾಸಿನಲ್ಲಿ ಗಾಳಿಯನ್ನು ಬಯಸುತ್ತದೆ, ಸಾಧಾರಣವಾದ 2 ಅಶ್ವಶಕ್ತಿಯ ಕಂಪ್ರೆಸರ್ ಕೊಡುವುದು 7 ಅಥವಾ 8 ಘನ ಅಡಿ. ಶಂಕುಸ್ಥಾಪನೆಯ ಕಲ್ಲುಗಳನ್ನು ಮಾಡುವ ಅಂಗಡಿಗಳಲ್ಲಿ ಈ ಸೌಕರ್ಯವಿರುತ್ತದೆ. ಆಳವನ್ನು ಮಾತ್ರ ಮೊದಲೇ ಗೊತ್ತುಮಾಡಿ, ಕನಿಷ್ಠ 3 ಮಿ.ಮೀ. ಬೇಕೆಂದು ಬರೆದುಕೊಡಿ. ಮೇಲೆ ಮೇಲೆ ಗೀಚಿ ಚಿನ್ನದ ಬಣ್ಣ ತುಂಬಿದ ಶಂಕುಸ್ಥಾಪನೆಯ ಫಲಕಗಳು ಬಣ್ಣ ಉದುರಿದ ಮೇಲೆ ಓದಲಾಗದೆ ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ.

ಅಂಗಡಿಗೆ ಕೊಡುವವರು ಇನ್ನೊಂದು ಎಚ್ಚರವನ್ನು ವಹಿಸಬೇಕು. ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬರೆದು ಕಳಿಸಿದ ಹೆಸರನ್ನು ಅಲ್ಲಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಫಾಂಟಿಗೆ ಪರಿವರ್ತಿಸುವಾಗ ಒತ್ತಕ್ಷರ ಒಡೆಯುವುದು, ಅರ್ಕಾವತ್ತು ಜಾಗ ಬದಲಿಸುವುದು ಸಾಮಾನ್ಯ. ನಿಜ ಅಳತೆಯ ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು, ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ ಸಹಿ ಹಾಕಿದ ಮೇಲೆಯೇ ರಬ್ಬರ್ ಕತ್ತರಿಸಲು ಒಪ್ಪಿಗೆ ಕೊಡಬೇಕು. ನಮ್ಮ ಶಾಸನಗಳಲ್ಲಿ ಬರೆದವನ ಹೆಸರನ್ನೂ ಕಂಡರಿಸಿದ ರೂವಾರಿಯ ಹೆಸರನ್ನೂ ಬೇರೆ ಬೇರೆಯಾಗಿ ಹೇಳುವುದುಂಟು. ಕಲ್ಲಿನ ಮೇಲೆ ಮೊದಲು ಬರೆಯುವುದು ಕೆತ್ತುವುದಕ್ಕಿಂತ ಕಡಿಮೆಯ ಕೆಲಸವೆಂದು ಅವರು ಎಣಿಸಿರಲಿಲ್ಲ. ಮನೆಯಲ್ಲಿ ಕೆತ್ತುವವರೂ ರೇಡಿಯಂ ಸ್ಟಿಕರ್ ಅಂಗಡಿಯಲ್ಲಿ ಅಕ್ಷರವನ್ನು ಕತ್ತರಿಸಿಕೊಂಡು ಕಲ್ಲಿಗೆ ಅಂಟಿಸಿಕೊಂಡರೆ, ನೀರಿನಲ್ಲಿ ಅಳಿಸದ ಚೊಕ್ಕ ಅಂಚು ಕಣ್ಣಮುಂದೆ ಇರುತ್ತದೆ.

ಲೇಸರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದು ಕಪ್ಪು ಕಲ್ಲಿನ ಪಾಲಿಶನ್ನು ಬಿಳಿಚಿಸುತ್ತದೆಯೇ ಹೊರತು ತೋಡುವುದಿಲ್ಲ. ಒಳಾಂಗಣದ ಭಾವಚಿತ್ರಕ್ಕೆ ಸರಿ; ಹೊರಗೆ, ಕಲ್ಲು ನೆನೆದಾಗ ಆ ಬಿಳುಪು ಮಂಕಾಗುತ್ತದೆ, ನೆರಳು ಬೀಳಲು ಆಳವೂ ಇರುವುದಿಲ್ಲ.

ತಳದ ಆಕಾರ, ಬಿಸಿಲು, ಬಣ್ಣ

ಗೆರೆಯ ತಳ ಚೂಪಾಗಿರಬೇಕೇ ಚಪ್ಪಟೆಯಾಗಿರಬೇಕೇ ಎಂಬುದು ಮಲೆನಾಡಿನವರಿಗೆ ದೊಡ್ಡ ಪ್ರಶ್ನೆ. ಎರಡು ಇಳಿಜಾರುಗಳು ಕೂಡುವ ಚೂಪು ತಳದಲ್ಲಿ ನೀರು ನಿಲ್ಲದೆ ಇಳಿಯುತ್ತದೆ, ಒಂದು ಮೈ ಬೆಳಕಿಗೂ ಇನ್ನೊಂದು ನೆರಳಿಗೂ ತಿರುಗಿರುವುದರಿಂದ ಬಣ್ಣವಿಲ್ಲದೆಯೂ ಅಕ್ಷರವನ್ನು ಓದಬಹುದು. ಇಳಿಜಾರುಗಳ ನಡುವಿನ ಕೋನ 90 ಡಿಗ್ರಿಯಾದರೆ 10 ಮಿ.ಮೀ. ಅಗಲದ ಗೆರೆಗೆ 5 ಮಿ.ಮೀ. ಆಳ ಸಾಕು, 60 ಡಿಗ್ರಿಯಾದರೆ ಹೆಚ್ಚುಕಡಿಮೆ 9 ಮಿ.ಮೀ. ತೋಡಬೇಕು, ಶ್ರಮವೂ ಅದಕ್ಕೆ ತಕ್ಕಂತೆ ಏರುತ್ತದೆ. ಚಪ್ಪಟೆ ತಳದಲ್ಲಿ ಧೂಳು ಕೂತು ಪಾಚಿ ಬೆಳೆಯುತ್ತದೆ. ಬಯಲುಸೀಮೆಯಲ್ಲಿ ಇದು ಅಷ್ಟಾಗಿ ಬಾಧಿಸದು, ತೀರ್ಥಹಳ್ಳಿ, ಶೃಂಗೇರಿಯ ಕಡೆ ಪ್ರತಿ ಮಳೆಗಾಲದ ನಂತರ ನಾರಿನ ಬ್ರಷ್ಷಿನಿಂದ ತಿಕ್ಕಬೇಕಾಗುತ್ತದೆ. ಆ್ಯಸಿಡ್ ಮಾತ್ರ ಬೇಡ.

ಆದರೆ ನೆರಳನ್ನು ನಂಬುವ ಮೊದಲು ಫಲಕ ಯಾವ ದಿಕ್ಕಿಗೆ ಮುಖ ಮಾಡುತ್ತದೆಂದು ನೋಡಿಕೊಳ್ಳಬೇಕು. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದ ಗೋಡೆಯ ಮೇಲೆ ಬಿಸಿಲು ಓರೆಯಾಗಿ ಉಜ್ಜುವ ಹೊತ್ತು ದಿನವೂ ಬರುತ್ತದೆ. ಉತ್ತರಕ್ಕೆ ಮುಖವಿರುವ ಗೋಡೆಗೆ, ಬೆಂಗಳೂರು ಮೈಸೂರುಗಳ ಅಕ್ಷಾಂಶದಲ್ಲಿ, ನಡುಹಗಲಿನ ಬಿಸಿಲು ಬೀಳುವುದೇ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಅಂಥಲ್ಲಿ ಬೂದುಗಲ್ಲಿನ ಚೂಪು ತಳದ ಅಕ್ಷರ ವರ್ಷದ ಬಹುಭಾಗ ಮಸುಕಾಗಿಯೇ ಕಾಣುತ್ತದೆ. ಕಪ್ಪು ಕಲ್ಲಿನ ಬಣ್ಣದ ಅಂತರವನ್ನೇ ಅಲ್ಲಿ ನೆಚ್ಚಿಕೊಳ್ಳಬೇಕು. ಬಣ್ಣ ತುಂಬುವುದೇ ಆದರೆ ಆಳವಾದ ತೋಡಿನಲ್ಲಿ, ಹೊರಗೋಡೆಗೆ ಬಳಸುವ ಅಕ್ರಿಲಿಕ್ ಬಣ್ಣವನ್ನು ತುಂಬುವುದು ಮೇಲು. ನಾನು ಹಚ್ಚಿದ ಬಿಳಿ ಎನಾಮೆಲ್ ಮೂರನೆಯ ಮಳೆಗಾಲಕ್ಕೆ ಸಿಪ್ಪೆಯಾಗಿ ಎದ್ದಿತು.

ಧೂಳು ಮತ್ತು ಉಸಿರು

ಯಾವ ವಿಧಾನವನ್ನು ಆರಿಸಿದರೂ ಈ ಮಾತನ್ನು ತಪ್ಪದೆ ಪಾಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬೆಣಚಿರುವ ಕಲ್ಲನ್ನು ಒಣಗಿದ್ದಾಗ ಕತ್ತರಿಸಿದರೆ ಏಳುವ ನವಿರಾದ ಸಿಲಿಕಾ ಧೂಳು ಶ್ವಾಸಕೋಶದೊಳಗೆ ಕುಳಿತು ಸಿಲಿಕೋಸಿಸ್ ತರುತ್ತದೆ, ಆ ರೋಗ ವಾಸಿಯಾಗುವುದಿಲ್ಲ. ಮುಖಕ್ಕೆ ಕಟ್ಟಿದ ಟವೆಲ್ ಇದನ್ನು ತಡೆಯದು. ಕಲ್ಲನ್ನು ನೆನೆಸಿಯೇ ಕೊರೆಯಬೇಕು, ಕನಿಷ್ಠ ಎನ್95 ಮಾಸ್ಕನ್ನು ಮುಖಕ್ಕೆ ಬಿಗಿಯಾಗಿ ಕೂರುವಂತೆ ಹಾಕಬೇಕು, ಕಣ್ಣಿಗೆ ಕನ್ನಡಕ ಇರಬೇಕು, ಕೆಲಸ ಮುಗಿದ ಮೇಲೆ ನೆಲವನ್ನು ಗುಡಿಸದೆ ನೀರು ಹಾಕಿ ತೊಳೆಯಬೇಕು. ಸ್ಯಾಂಡ್‌ಬ್ಲಾಸ್ಟಿಂಗಿಗೆ ಹೊಳೆಯ ಮರಳನ್ನು ಬಳಸಲೇಬಾರದು. ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್ ಪುಡಿಯನ್ನು ಬಳಸುವ ಅಂಗಡಿಯನ್ನೇ ಹುಡುಕಿ. ಈ ದೃಷ್ಟಿಯಿಂದಲೂ ಬೆಣಚು ಕಡಿಮೆಯಿರುವ ಕಪ್ಪು ಕಲ್ಲು ಮನೆಯ ಕೆಲಸಕ್ಕೆ ಮೇಲು, ಹಾಗೆಂದು ಅದರಲ್ಲಿ ಮಾಸ್ಕ್ ಬಿಡುವಂತಿಲ್ಲ.

ನಿಲ್ಲಿಸುವುದು

60 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರ, 5 ಸೆಂ.ಮೀ. ದಪ್ಪದ ಗ್ರಾನೈಟ್ ಹಲಗೆ ಸುಮಾರು 24 ಕೆ.ಜಿ. ತೂಗುತ್ತದೆ, ಕಪ್ಪು ಕಲ್ಲು ಅದಕ್ಕಿಂತ ಹೆಚ್ಚು. ಬರಿಯ ಅಂಟಿನ ಮೇಲೆ ಅದನ್ನು ಗೋಡೆಗೆ ಹಿಡಿಸಬಾರದು. ಹಿಂಬದಿಯಲ್ಲಿ ತೂತು ಕೊರೆದು ಸ್ಟೇನ್‌ಲೆಸ್ ಸ್ಟೀಲಿನ ಸರಳುಗಳನ್ನು ಎಪಾಕ್ಸಿಯಲ್ಲಿ ಕೂರಿಸಬೇಕು. ಕರಾವಳಿಯವರು 316 ದರ್ಜೆಯ ಸ್ಟೀಲನ್ನೇ ಕೇಳಿ ತರಬೇಕು. ಸಾಧಾರಣ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿದಾಗ ಕಲ್ಲನ್ನೇ ಸೀಳುತ್ತದೆ. ಹಲಗೆಯ ಮೇಲಂಚನ್ನು ಹಿಂದಕ್ಕೆ ಸ್ವಲ್ಪ ಓರೆಯಾಗಿ ಕತ್ತರಿಸಿದ್ದರೆ ಮಳೆನೀರು ಅಕ್ಷರಗಳ ಮೇಲೆ ಹರಿಯುವುದಿಲ್ಲ.

ಎಪಾಕ್ಸಿ ಕಲಸುವ ಮೊದಲು ಫಲಕವನ್ನು ಅದರ ಜಾಗದಲ್ಲಿ ಒರಗಿಸಿ, ಒಂದು ಚೊಂಬು ನೀರನ್ನು ಅದರ ಮೇಲೆ ಸುರಿದು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿ. ನೆನೆದ ಕಲ್ಲಿನಲ್ಲಿ ಒತ್ತಕ್ಷರ ಕಾಣದಿದ್ದರೆ ಅದನ್ನು ಇನ್ನೊಂದೆರಡು ಮಿ.ಮೀ. ಆಳಗೊಳಿಸಲು ಆಗ ಇನ್ನೂ ಅವಕಾಶವಿರುತ್ತದೆ.